ಎರಡು ಮನೆಗೆ ಒಂದೇ ನಂಬರು

ಸದಾಶಿವನಗರ, ತುಮಕೂರು
17 ನವೆಂಬರ್ 2024, ಭಾನುವಾರ

ಪಲ್ಲವಿ,

ಎರಡನೇ ಶನಿವಾರ ನೀನು ಬಂದು ಹೋದ ಮೇಲೆ ಯೋಚಿಸಿದೆ. ಆ ಒಂದೂವರೆ ದಿನದಲ್ಲಿ ನಾವು ಗ್ಯಾಸು, ಸಂಪಿನ ಮೋಟಾರು, ಅಮ್ಮನ ಬಿಪಿ ಮಾತ್ರೆ ಬಿಟ್ಟು ಬೇರೆ ಮಾತಾಡಲಿಲ್ಲ. ಫೋನಿನಲ್ಲೂ ಅಷ್ಟೇ. ಉಳಿದದ್ದನ್ನು ಕಾಗದದಲ್ಲಿ ಬರೆಯೋಣ ಎಂದು ನೀನು ಹೇಳಿದ್ದು ಸರಿ ಅನ್ನಿಸಿತು. ನಿಮ್ಮ ಶಾಲೆಯ ಗುಮಾಸ್ತ ಕರಿಬಸವಯ್ಯ ಹೇಗೂ ಪ್ರತಿ ಸೋಮವಾರ ತಪಾಲು ಹಿಡಿದು ಇಲ್ಲಿನ ಕಚೇರಿಗೆ ಬರುತ್ತಾರಲ್ಲ, ಸಂಜೆ ಬಸ್ಸಿಗೆ ಮೊದಲು ಮನೆಗೆ ಬಂದು ನಿನ್ನದನ್ನು ಕೊಟ್ಟು ನನ್ನದನ್ನು ತೆಗೆದುಕೊಂಡು ಹೋಗಲಿ.

ಹೋದ ವಾರ ಅವರು ಗೇಟಿನ ಹೊರಗೆ ನಿಂತು, "ಹೆಡ್ ಮೇಡಮ್ಮೋರ ಯಜಮಾನ್ರು ಅವ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಎದುರು ಮನೆಯವರು ತಿರುಗಿ ನೋಡಿದರು. ಗುಬ್ಬಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಿಗೆ ಇದೊಂದು ಹೊಸ ಹುದ್ದೆ. ತಮಾಷೆಗೆ ಬರೆದೆ.

ಈ ಕಾಗದದ ಜೊತೆ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಕಳಿಸಿದ್ದೇನೆ. ಅದನ್ನು ನಿನ್ನ ರೂಟರಿನ ಹಿಂದೆ ಒಂದು ವೈರಿನಿಂದ ಸೇರಿಸಿ ಪ್ಲಗ್ಗಿಗೆ ಹಾಕು, ಸಾಕು. ಇಲ್ಲಿಯೂ ಅಂಥದೇ ಒಂದನ್ನು ಇಟ್ಟಿದ್ದೇನೆ. ನಿನ್ನ ಇಂಟರ್ನೆಟ್ಟಿಗೆ ಹೊರಗಿನವರು ಬಾಗಿಲು ತಟ್ಟುವಂಥ ವಿಳಾಸವಿಲ್ಲ, ನಮ್ಮ ಮನೆಗೆ ಇದೆ. ಆದ್ದರಿಂದ ನಿನ್ನ ಪೆಟ್ಟಿಗೆಯೇ ಒಳಗಿನಿಂದ ನನ್ನದನ್ನು ಕರೆಯುತ್ತದೆ. ಕರೆ ನಿಲ್ಲದೆ ಹಾಗೇ ಇರುತ್ತದೆ. ಅದಕ್ಕೆ ಸುರಂಗ ಎನ್ನುತ್ತಾರೆ. ಆಮೇಲೆ ನಿನ್ನ ಜೀವಶಾಸ್ತ್ರದ ಪಾಠಗಳು, ವಿಡಿಯೊಗಳು ಇರುವ ಇಲ್ಲಿನ ಡಿಸ್ಕನ್ನು ನೀನು ಅಲ್ಲಿಂದಲೇ ತೆರೆಯಬಹುದು. ಎರಡು ಮನೆ ಒಂದೇ ಮನೆಯಾದ ಹಾಗೆ.

ಜೂನ್‌ನಲ್ಲಿ ನೀನು ಹೊರಡುವಾಗ ನಿನಗೆ ಕೊಟ್ಟ ರೂಟರಿಗೆ ನಮ್ಮ ಮನೆಯದರ ಸೆಟ್ಟಿಂಗ್ ಪೂರ್ತಿ ನಕಲು ಮಾಡಿ ಹಾಕಿದ್ದೆ, ನೆನಪಿದೆಯೆ? ಅದೇ ಹೆಸರು, ಅದೇ ಪಾಸ್‌ವರ್ಡ್, ಎಲ್ಲವೂ ಅದೇ. ಎರಡೂ ಕಡೆ ನಿನ್ನ ಫೋನು ಏನನ್ನೂ ಕೇಳದೆ ಒಳಗೆ ಬರಲಿ ಎಂದು.

ಅಮ್ಮ ಚೆನ್ನಾಗಿದ್ದಾರೆ. ಸಂಜೆಯ ಲಿಂಗಪೂಜೆ ಈಚೆಗೆ ಉದ್ದವಾಗಿದೆ. ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ ಒಂದು ಗಂಟೆ ತೆಗೆಯುವುದಿಲ್ಲ. ವಯಸ್ಸಾಯಿತು.

ಮಲ್ಲಿಕಾರ್ಜುನ್


ಹುಲಿಯೂರುದುರ್ಗ
24 ನವೆಂಬರ್ 2024

ಶರಣು.

ಪೆಟ್ಟಿಗೆ ಬಂತು. ಪ್ಲಗ್ಗಿಗೆ ಹಾಕಿದೆ, ಹಸಿರು ದೀಪ ಮಿಟುಕಲಿಲ್ಲ. ನಮ್ಮ ಗಣಿತದ ಮೇಷ್ಟ್ರು ಉದಯಕುಮಾರ್ ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರು, ಅವರನ್ನು ಕರೆದೆ. ವೈರನ್ನು ತಪ್ಪು ಕಿಂಡಿಗೆ ಚುಚ್ಚಿದ್ದೆನಂತೆ. ಸರಿ ಮಾಡಿ, ಕಾಫಿ ಕುಡಿದು, ಒಂದು ಮಾತು ಹೇಳಿ ಹೋದರು. ಅವರ ಮಾತಲ್ಲೇ ಬರೆಯುತ್ತೇನೆ, ನನಗೆ ಪೂರ್ತಿ ಅರ್ಥವಾಗಲಿಲ್ಲ.

"ಮೇಡಂ, ಸಾರ್‌ಗೆ ಹೇಳಿ. ಎರಡು ಮನೆಗೂ ಒಳಗಡೆ ಒಂದೇ ನಂಬರ್ ಇಟ್ಕಂಡು ಸುರಂಗ ತೋಡ್ಬಾರ್ದು. ಒಂದ್ಮನೆ ನಂಬರ್ ಬದ್ಲಾಯಿಸ್ಲೇಬೇಕು. ಇಲ್ದಿದ್ರೆ ಮನೆಯಿಂದ ಹೊರಟೋನು ತಿರುಗಾ ಅದೇ ಮನೆ ಬಾಗ್ಲಿಗೇ ಬಂದು ನಿಂತ್ಕತಾನೆ."

ನಾನು ನಕ್ಕೆ. ಅವರು ನಗಲಿಲ್ಲ.

ವರ್ಗಾವಣೆಗೆ ಅರ್ಜಿ ಹಾಕಲು ಈ ಸಲ ಮಾರ್ಚಿಯಲ್ಲಿ ಕರೆಯುತ್ತಾರಂತೆ. ತುಮಕೂರಿನ ಸುತ್ತ ಒಂದೆರಡು ಶಾಲೆ ಖಾಲಿಯಾಗಲಿವೆ. ಹಾಕುವ ಮನಸ್ಸಿದೆ. ಶಾಲೆ ಈಗಷ್ಟೇ ಕೈಗೆ ಹತ್ತುತ್ತಿದೆ, ಅದೊಂದು. ನೀವು ಇನ್ನೂ ಒಂದು ಸಲವೂ ಈ ಮನೆ ನೋಡಿಲ್ಲ. ಮಹಡಿಯಿಂದ ದುರ್ಗದ ಬೆಟ್ಟ ಪೂರ್ತಿ ಕಾಣುತ್ತದೆ. ಕೋತಿಗಳೂ ಕಾಣುತ್ತವೆ, ಒಗೆದ ಬಟ್ಟೆಯ ಸಮೇತ.

ಪಲ್ಲವಿ


ತುಮಕೂರು
1 ಡಿಸೆಂಬರ್ 2024

ಪಲ್ಲವಿ,

ಉದಯಕುಮಾರರ ಸಲಹೆ ತಲುಪಿತು. ಎರಡು ಮನೆಗೆ ಬೇರೆ ಬೇರೆ ನಂಬರು ಇರಬೇಕು ಎನ್ನುವುದು ಅವರ ಅಭಿಪ್ರಾಯವಿರಬಹುದು. ಹೊರಗಿನವರಿಗೆ ಎರಡು ಮನೆಗಳು ಯಾವಾಗಲೂ ಬೇರೆ ಬೇರೆಯೇ. ನಾನು ಏನನ್ನೂ ಬದಲಾಯಿಸಲಿಲ್ಲ. ಪುಸ್ತಕ ಓದಿ, ವಿಡಿಯೊ ನೋಡಿ, ಎರಡು ವಾರ ಕೂತು ಮಾಡಿದ್ದೇನೆ.

ಮತ್ತು ಅದು ಕೆಲಸ ಮಾಡುತ್ತಿದೆ. ನಿನ್ನೆ ಸಂಜೆ ಎರಡು ಪೆಟ್ಟಿಗೆಗಳೂ ಒಂದನ್ನೊಂದು ಗುರುತಿಸಿದವು. ಒಂದು ಕ್ಷಣ ನಿನ್ನ ಮನೆಯ ಒಳಗೆ ಬಂದು ಕುಳಿತ ಹಾಗಾಯಿತು. ಯಾಕೆ ಹಾಗೆ ಅನ್ನಿಸಿತು ಎಂದು ವಿವರಿಸುವುದು ಕಷ್ಟ.

ಉದಯಕುಮಾರರು ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾರೆಯೆ? ಸುಮ್ಮನೆ ಕೇಳಿದೆ.

ಮ.


ಹುಲಿಯೂರುದುರ್ಗ
15 ಡಿಸೆಂಬರ್ 2024

ಶರಣು.

ಡಿಸ್ಕ್ ಸಿಗುತ್ತಿಲ್ಲ. ನೀವು ಬರೆದುಕೊಟ್ಟ ನಂಬರು ಎಷ್ಟು ಸಲ ಒತ್ತಿದರೂ ಸುತ್ತುತ್ತಲೇ ಇರುತ್ತದೆ, ಏನೂ ಬರುವುದಿಲ್ಲ. ಎಂಟನೇ ಕ್ಲಾಸಿಗೆ ಹೃದಯದ ವಿಡಿಯೊ ತೋರಿಸಬೇಕಿತ್ತು. ಕೊನೆಗೆ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದೆ. "ಮಿಸ್, ಇದು ಮಾವಿನಕಾಯಿ ಥರ ಐತೆ" ಎಂದಳು ಒಬ್ಬಳು. ಹೌದು, ಹಾಗೇ ಇತ್ತು.

ಸಕ್ಕರೆ ಎರಡು ಚಮಚ. ಅವರ ಹೆಂಡತಿಗೆ ಗೊತ್ತಿಲ್ಲ, ಮನೆಯಲ್ಲಿ ಶುಗರ್ ಎಂದು ಬಿಟ್ಟಿದ್ದಾರಂತೆ. ಇದನ್ನು ಯಾಕೆ ಕೇಳಿದಿರಿ?

ಜನವರಿ ಇಪ್ಪತ್ತಾರರ ಧ್ವಜಾರೋಹಣಕ್ಕೆ ಬನ್ನಿ. ಭಾನುವಾರವೇ ಬಂದಿದೆ, ನಿಮಗೂ ಕಾಲೇಜಿರುವುದಿಲ್ಲ.

ಪಲ್ಲವಿ


ತುಮಕೂರು
29 ಡಿಸೆಂಬರ್ 2024

ಪಲ್ಲವಿ,

ಡಿಸ್ಕಿನ ವಿಷಯ ನೋಡುತ್ತೇನೆ. ಈ ಕಡೆಯಿಂದ ಎಲ್ಲವೂ ಸರಿಯಾಗಿ ಕಾಣುತ್ತಿದೆ, ಆ ಕಡೆಯಿಂದ ಯಾಕೆ ಕಾಣುವುದಿಲ್ಲವೋ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ನೀನು ಎಲ್ಲಿದ್ದೆ? ಶಾಲೆಯಲ್ಲೇ ಇರಬೇಕು. ನನಗೆ ಸ್ವಲ್ಪ ಜ್ವರವಿತ್ತು, ರಜೆ ಹಾಕಿದ್ದೆ, ಹಾಗಾಗಿ ನೆನಪಾಯಿತು. ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಬೇರೆ ಕರೆಯಲ್ಲಿದ್ದಾರೆ ಎನ್ನುತ್ತದೆ. ಒಂಬತ್ತಕ್ಕೆ ನೀನು ತಿರುಗಿ ಮಾಡಿದಾಗ ನಿನ್ನ ದನಿಯಲ್ಲಿ ಆಗಲೇ ಮಾತಾಡಿ ಮುಗಿಸಿದವರ ಸಮಾಧಾನ ಇರುತ್ತದೆ. ನನಗೆ ಉಳಿಯುವುದು ಗ್ಯಾಸು, ಮಾತ್ರೆ.

ಇಪ್ಪತ್ತಾರಕ್ಕೆ ಬರಲಾಗುವುದೋ ಇಲ್ಲವೋ. ನಮ್ಮ ಕಾಲೇಜಿನಲ್ಲೂ ಧ್ವಜ ಹಾರಿಸುತ್ತಾರೆ.

ಮ.


ಹುಲಿಯೂರುದುರ್ಗ
5 ಜನವರಿ 2025

ಶರಣು.

ಜ್ವರ ಎಂದು ಫೋನಿನಲ್ಲಿ ಯಾಕೆ ಹೇಳಲಿಲ್ಲ? ಕಷಾಯ ಮಾಡಿಕೊಡಿ ಎಂದು ಅತ್ತೆಗಾದರೂ ಹೇಳುತ್ತಿದ್ದೆ. ಗುರುವಾರ ಹನ್ನೊಂದಕ್ಕೆ ಒಂಬತ್ತನೇ ಕ್ಲಾಸಿನಲ್ಲಿದ್ದೆ. ನಿಮಗೆ ಮೈ ಹುಷಾರಿಲ್ಲದಾಗ ನಾನೆಲ್ಲಿದ್ದೆ ಎಂದು ನೆನೆಸಿಕೊಂಡಿರಲ್ಲ, ಅದು ಹಿತವಾಯಿತು.

ಎಂಟು ಗಂಟೆಯ ಫೋನು ಶಾಲೆಯ ಗುಂಪಿನದು, ಏನೇನೋ ಇರುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಾಲೇಜಿನಲ್ಲಿ ಧ್ವಜ ಹಾರಿಸುವವರು ಪ್ರಿನ್ಸಿಪಾಲರು, ಇಲ್ಲಿ ಹಾರಿಸುವವಳು ನಾನು. ನೀವು ಎಲ್ಲಿ ನಿಂತು ಸಲ್ಯೂಟ್ ಮಾಡಬೇಕೋ ಅಲ್ಲಿ ನಿಲ್ಲಿ. ತಮಾಷೆಗೆ ಬರೆದೆ.

ಪಲ್ಲವಿ


ತುಮಕೂರು
26 ಜನವರಿ 2025

ಪಲ್ಲವಿ,

ಇವತ್ತು ನಾನು ಎಲ್ಲಿಗೂ ಹೋಗಲಿಲ್ಲ.

ಬರೆಯಬಾರದು ಎಂದುಕೊಂಡದ್ದನ್ನು ಬರೆಯುತ್ತಿದ್ದೇನೆ. ಎರಡನೇ ಶನಿವಾರ ನೀನು ಬಂದಾಗಲೇ ಕೇಳಬಹುದಿತ್ತು. ಎದುರಿಗಿದ್ದರೆ ನಿನ್ನ ಮುಖವನ್ನು ನಂಬಿಬಿಡುತ್ತೇನೆ, ಅದಕ್ಕೇ ಕೇಳಲಿಲ್ಲ.

ಸುರಂಗ ಕೂಡಿದ ದಿನ ನಾನು ನಿನ್ನ ರೂಟರಿನ ನಂಬರು ಒತ್ತಿದೆ. ಅದರ ಪುಟ ತೆರೆದುಕೊಂಡಿತು. ಆ ಮನೆಯ ವೈಫೈನಲ್ಲಿ ಯಾರ್‍ಯಾರು ಇದ್ದಾರೆ ಎಂದು ಅದು ತೋರಿಸುತ್ತದೆ. ನನ್ನ ಲ್ಯಾಪ್‌ಟಾಪ್ ಕಂಡಿತು, ನನ್ನ ಫೋನು ಕಂಡಿತು. ಸುರಂಗದಿಂದ ನಾನು ನಿನ್ನ ಮನೆಗೆ ಬಂದೆ ಎಂದು ಮಗುವಿನ ಹಾಗೆ ಸಂತೋಷಪಟ್ಟೆ. ಅವುಗಳ ಕೆಳಗೆ ನಿನ್ನ ಫೋನು ಇತ್ತು, "ಪಲ್ಲವಿ" ಎಂದೇ. ಆ ಸಂತೋಷಕ್ಕೆ ಮರುದಿನವೂ ತೆರೆದೆ. ಆಮೇಲೆ ದಿನವೂ.

ಗುರುವಾರ ಹನ್ನೊಂದಕ್ಕೆ ನೀನು ಒಂಬತ್ತನೇ ಕ್ಲಾಸಿನಲ್ಲಿರಲಿಲ್ಲ. ನಿನ್ನ ಫೋನು ಮನೆಯಲ್ಲಿತ್ತು. ಅದನ್ನು ನೋಡಲೆಂದೇ ಈ ತಿಂಗಳು ಎರಡು ಸಲ ಅರ್ಧ ದಿನ ರಜೆ ಹಾಕಿ ಗುಬ್ಬಿಯಿಂದ ವಾಪಸು ಬಂದೆ. ಎರಡು ಸಲವೂ ಇತ್ತು. ರಾತ್ರಿ ಎಂಟರಿಂದ ಒಂಬತ್ತರವರೆಗೆ ಅದರ ಡೇಟಾ ಲೆಕ್ಕ ಏರುತ್ತಲೇ ಇರುತ್ತದೆ. ಮುಖ ನೋಡಿಕೊಂಡು ಮಾತಾಡಿದರೆ ಮಾತ್ರ ಅಷ್ಟು ಏರುವುದು. ನೀನು ಶಾಲೆಯ ಗುಂಪು ಎಂದೆ.

ಹಗಲು ಮನೆಗೆ ಯಾರು ಬರುತ್ತಾರೆ? ರಾತ್ರಿ ಯಾರ ಮುಖ ನೋಡುತ್ತೀಯ? ಸಕ್ಕರೆ ಎರಡು ಚಮಚ ಎನ್ನುವುದು ನಿನಗೆ ಗೊತ್ತು, ಅವರ ಹೆಂಡತಿಗೆ ಗೊತ್ತಿಲ್ಲ. ಇದನ್ನು ನೀನೇ ಬರೆದೆ, ನಾನು ಊಹಿಸಿದ್ದಲ್ಲ.

ಮಾರ್ಚಿಯಲ್ಲಿ ಅರ್ಜಿ ಹಾಕುವ ಮನಸ್ಸಿದೆ ಎಂದಿದ್ದೆ. ಮನಸ್ಸು ಎಲ್ಲಿದೆ ಎಂದು ಈಗ ಹೇಳು. ಅಷ್ಟು ಸಾಕು.

ಮಲ್ಲಿಕಾರ್ಜುನ್


ತುಮಕೂರು
16 ಫೆಬ್ರವರಿ 2025

ಪಲ್ಲವಿ,

ಕರಿಬಸವಯ್ಯ ಮೊದಲ ಸೋಮವಾರ ಬರಿಗೈಯಲ್ಲಿ ಬಂದರು. "ಮೇಡಮ್ಮೋರು ಏನೂ ಕೊಡ್ನಿಲ್ಲ ಸಾ. ಕಾಗ್ದ ಎಲ್ಲಿ ಅಂದೆ. ತಪಾಲ್ ಇದ್ರೆ ತಗಂಡೋಗಿ ಅಂದ್ರು, ಒಳಿಕೋದ್ರು" ಎಂದರು. ಎರಡನೇ ಸೋಮವಾರ ಗೇಟಿನ ಒಳಗೂ ಬರಲಿಲ್ಲ, ಹೊರಗಿನಿಂದಲೇ ತಲೆಯಾಡಿಸಿ ಹೋದರು.

ಈ ಎರಡನೇ ಶನಿವಾರ ನೀನು ಬರಲಿಲ್ಲ. ಹತ್ತನೇ ಕ್ಲಾಸಿನವರ ಪೂರ್ವಸಿದ್ಧತಾ ಪರೀಕ್ಷೆ ಇದೆ, ಬರುವುದಿಲ್ಲ ಎಂದು ಅಮ್ಮ ಹೇಳಿದರು. ನನಗೆ ಹೇಳದ್ದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ನನ್ನ ಫೋನನ್ನು ನೀನು ಎತ್ತುತ್ತಿಲ್ಲ. ಆದರೆ ಎಂಟಕ್ಕೆ ಲೆಕ್ಕ ಏರುವುದು ನಿಂತಿಲ್ಲ.

ಇಷ್ಟನ್ನೂ ಇಲ್ಲಿ ಕುಳಿತು ನೋಡುತ್ತಿದ್ದೇನೆ. ಬೈದಾದರೂ ಬರೆ.

ಮ.


ಹುಲಿಯೂರುದುರ್ಗ
23 ಫೆಬ್ರವರಿ 2025

ಶರಣು.

ನೀವು ಬರೆದದ್ದನ್ನು ಓದಿದ ದಿನ ಶಾಲೆಯಲ್ಲಿ ಸುತ್ತಲೂ ಜನ ಇದ್ದರು. ಮಡಿಸಿ ಬ್ಯಾಗಿನಲ್ಲಿಟ್ಟು ಸಹಿ ಮಾಡುವುದನ್ನೆಲ್ಲ ಮಾಡಿದೆ. ಮನೆಗೆ ಬಂದು ಮತ್ತೆ ಓದಿದೆ. ಮೊದಲು ಸಿಟ್ಟು ಬಂತು. ಆಮೇಲೆ ಬೇರೆ ಏನೋ, ಅದಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೆ.

ಒಂದು ವಿಷಯ ಹೇಳುತ್ತೇನೆ. ಡಿಸ್ಕ್ ಸಿಗಲಿಲ್ಲವಲ್ಲ, ಡಿಸೆಂಬರಿನಲ್ಲೇ ನಿಮ್ಮ ಪೆಟ್ಟಿಗೆಯ ಪ್ಲಗ್ ಕಿತ್ತೆ. ಅದೇ ಕಿಂಡಿಯಲ್ಲಿ ಈಗ ಸೊಳ್ಳೆಯ ಯಂತ್ರ ಇದೆ. ಪೆಟ್ಟಿಗೆ ಅಡುಗೆಮನೆ ಗೂಡಿನಲ್ಲಿ, ಮೆಂತ್ಯದ ಡಬ್ಬಿಯ ಪಕ್ಕ. ಜನವರಿ ಪೂರ್ತಿ ಸುರಂಗವೇ ಇರಲಿಲ್ಲ. ನೀವು ದಿನವೂ ನೋಡುತ್ತಿದ್ದದ್ದು ಯಾವ ಮನೆಯನ್ನು?

ಉದಯಕುಮಾರರು ಹೇಳಿದ್ದು ನನಗೆ ಈಗ ಅರ್ಥವಾಯಿತು. ಸದಾಶಿವನಗರದಲ್ಲಿ ನಿಂತು ಒಂದನೇ ನಂಬರಿನ ಮನೆ ಎಲ್ಲಿ ಎಂದರೆ ಸದಾಶಿವನಗರದ ಒಂದನೇ ನಂಬರನ್ನೇ ತೋರಿಸುತ್ತಾರೆ, ಹುಲಿಯೂರುದುರ್ಗದ್ದನ್ನು ಯಾರೂ ತೋರಿಸುವುದಿಲ್ಲ. ಎರಡು ರೂಟರಿಗೂ ಒಂದೇ ನಂಬರು ಕೊಟ್ಟವರು ನೀವು. ಪ್ರೀತಿಯಿಂದ ಕೊಟ್ಟಿರಿ, ಗೊತ್ತು. ನೀವು ನನ್ನ ಮನೆಗೆ ಒಂದು ದಿನವೂ ಬಂದಿಲ್ಲ. ನಿಮ್ಮ ಮನೆಯಲ್ಲೇ ಇದ್ದಿರಿ.

ಹಾಗಾದರೆ "ಪಲ್ಲವಿ" ಎನ್ನುವ ಫೋನು ಯಾವುದು? ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಕೊಟ್ಟೆ ಎಂದು ಹೇಳಿದ್ದೆ. ಕೊಡಲಿಲ್ಲ. ಇಷ್ಟೇ ನಾನು ಹೇಳಿದ ಸುಳ್ಳು. ಶಾಲೆಯ ಗುಂಪು ಎಂದದ್ದು ಅದರ ಬಾಲ. ಹೇಳಬೇಡ ಎಂದು ಬೇಡಿಕೊಂಡವರೊಬ್ಬರಿದ್ದರು. ಎಂಟಕ್ಕೆ ಅತ್ತೆಯ ಕೋಣೆಯ ಬಾಗಿಲು ತಟ್ಟಿ. ಪೂಜೆ ಕೆಡುತ್ತದೆ ಎಂದು ಹೆದರಬೇಡಿ.

ವರ್ಗಾವಣೆಯ ಅರ್ಜಿ ತುಂಬಿಸಿ ಇಟ್ಟಿದ್ದೆ, ಜನವರಿಯಲ್ಲೇ. ಕೊಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಹೋದ ವರ್ಷ ನನಗೆ ಬಡ್ತಿ ಬಂದಾಗ ನೀವು ಮೊದಲು ಕೇಳಿದ್ದು, "ಅಲ್ಲಿ ಎಷ್ಟು ಜನ ಮೇಷ್ಟ್ರುಗಳು?" ಎಂದು. ಮಕ್ಕಳೆಷ್ಟು ಎಂದಲ್ಲ. ಆಗ ನಕ್ಕು ಸುಮ್ಮನಾದೆ.

ಪಲ್ಲವಿ


ತುಮಕೂರು
2 ಮಾರ್ಚ್ 2025

ಪಲ್ಲವಿ,

ಎಂಟು ಗಂಟೆಗೆ ತಟ್ಟಿದೆ. ಒಳಗೆ ಮಾತು ನಿಂತಿತು. ಅಮ್ಮ ಬಾಗಿಲು ತೆಗೆದಾಗ ಹಣೆಯ ಮೇಲೆ ವಿಭೂತಿ ಇತ್ತು, ಸೆರಗಿನ ಕೆಳಗೆ ಬೆಳಕು ಇತ್ತು.

"ಏನ್ಲಾ?" ಎಂದರು.

"ಸೆರಗಲ್ಲಿ ಏನಮ್ಮ?"

"ಲಿಂಗ."

"ಲಿಂಗಕ್ಕೆ ಲೈಟ್ ಬರುತ್ತಾ?"

ಅವರು ಫೋನನ್ನು ಹೊರಗೆ ತೆಗೆದು ಮಂಚದ ಮೇಲಿಟ್ಟರು. ನೀನು ಆಗಲೇ ಕರೆ ಕತ್ತರಿಸಿದ್ದೆ. "ಪೂಜೆನೂ ಮಾಡ್ತೀನಿ, ಆಮ್ಯಾಕೆ ಮಾತೂ ಆಡ್ತೀನಿ. ಹಗಲೊತ್ತು ನೀನು ಗುಬ್ಬಿಗೋದ್ರೆ ಇದ್ರಲ್ಲಿ ಒಸಿ ಹಾಡು ಕೇಳ್ತೀನಿ. ಅವಳೇ ಕೊಟ್ಟೋಗಿದ್ದು. ತಪ್ಪಾ?"

ನನಗೆ ಯಾಕೆ ಹೇಳಲಿಲ್ಲ ಎಂದೆ.

"ನಿಮ್ಮಪ್ಪ ನಾನು ಸಿ.ಎಸ್. ಪುರಕ್ಕೆ ತವರಿಗೆ ಕಾಗ್ದ ಬರುದ್ರೆ ಬಿಚ್ಚಿ ಓದೋರು. ಓದ್ಬುಟ್ಟು ತಿರುಗಾ ಅಂಟ್ಸಿ ಅವರೇ ಡಬ್ಬಕ್ಕೆ ಹಾಕೋರು. ಬರೆಯೋದ್ನೇ ಬಿಟ್ಬುಟ್ಟೆ ಕಣೋ. ಒಳ್ಳೇರೇಯ, ಹೊಡ್ದೋರಲ್ಲ ಬಡ್ದೋರಲ್ಲ. ನೀನು ಅವರ ಮಗ. ಅದ್ಕೇ ಹೇಳ್ನಿಲ್ಲ."

ನಾಚಿಕೆಯಾಯಿತು ಎಂದು ಬರೆದರೆ ನೀನು ನಂಬಬಹುದು, ಅದು ನಿಜವೂ ಹೌದು. ಆದರೆ ಅದಕ್ಕಿಂತ ಮೊದಲು ಬಂದದ್ದು ಬೇರೆ. ಒಂಬತ್ತು ತಿಂಗಳಿಂದ ದಿನಕ್ಕೊಂದು ಗಂಟೆ ನೀವಿಬ್ಬರೂ ಮಾತಾಡಿದ್ದೀರಿ, ನಾನು ಗೋಡೆಯ ಈಚೆ ಟಿವಿ ನೋಡುತ್ತಿದ್ದೆ. ಉದಯಕುಮಾರರನ್ನು ಮನಸ್ಸಿನಿಂದ ತೆಗೆದ ಜಾಗಕ್ಕೆ ಅಮ್ಮ ಬಂದು ಕುಳಿತರು. ಆ ಜಾಗ ಖಾಲಿ ಇರಲಾರದು ಎಂದು ಕಾಣುತ್ತದೆ. ಅವರಿಗಿಂತ ಮೊದಲು ಅಲ್ಲಿ ನಿನ್ನ ಬಡ್ತಿ ಕುಳಿತಿತ್ತು.

ಈಗ ನಮ್ಮ ಮನೆಯ ನಂಬರನ್ನು ಬದಲಾಯಿಸಿದ್ದೇನೆ. ನಿನ್ನದನ್ನು ಮುಟ್ಟಬೇಕಾಗಿಲ್ಲ. ಮೆಂತ್ಯದ ಪಕ್ಕದಿಂದ ಪೆಟ್ಟಿಗೆಯನ್ನು ತೆಗೆದು ಹಾಕಿದರೆ ಡಿಸ್ಕ್ ಸಿಗುತ್ತದೆ, ಹೊಸ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಇನ್ನೊಂದನ್ನೂ ಮಾಡಿದೆ. ನಿನ್ನ ಕಡೆಯಿಂದ ಇಲ್ಲಿಗೆ ಬರಬಹುದು, ಈ ಕಡೆಯಿಂದ ಅಲ್ಲಿಗೆ ಏನೂ ಹೋಗುವುದಿಲ್ಲ, ಕೇಳಿದ್ದಕ್ಕೆ ಉತ್ತರವೊಂದನ್ನು ಬಿಟ್ಟು. ಹಾಗೆ ಕಟ್ಟಿದ್ದೇನೆ. ಬಿಚ್ಚಲು ನನಗೆ ಬರುತ್ತದೆ ಎನ್ನುವುದನ್ನು ಮುಚ್ಚಿಡುವುದಿಲ್ಲ, ಆದ್ದರಿಂದ ಬೇಕಿದ್ದರೆ ಉದಯಕುಮಾರರನ್ನು ಕರೆದು ನಿನ್ನ ಕಡೆಯೂ ಒಂದು ಬೀಗ ಹಾಕಿಸಿಕೋ.

ಅಮ್ಮ ಈಗ ಬಾಗಿಲು ತೆಗೆದೇ ಮಾತಾಡುತ್ತಾರೆ. ನಿನ್ನೆ ಎಂಟೂವರೆಗೆ ಜೋರಾಗಿ ನಕ್ಕರು, ಕೆಮ್ಮು ಬರುವಷ್ಟು. ನೀನು ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ಅರ್ಜಿಯ ವಿಷಯವನ್ನೂ ಕೇಳುವುದಿಲ್ಲ.

ಮಲ್ಲಿಕಾರ್ಜುನ್


ಹುಲಿಯೂರುದುರ್ಗ
16 ಮಾರ್ಚ್ 2025

ಶರಣು.

ಡಿಸ್ಕ್ ಸಿಕ್ಕಿತು. ಹೃದಯದ ವಿಡಿಯೊ ತೋರಿಸಿದೆ. ನಾನು ಬೋರ್ಡಿನ ಮೇಲೆ ಬರೆದ ಮಾವಿನಕಾಯಿಯೇ ಚೆನ್ನಾಗಿತ್ತು ಎಂದರು ಮಕ್ಕಳು. ಬೀಗ ಹಾಕಿಸಲಿಲ್ಲ. ಉದಯಕುಮಾರರಿಗೆ ಹೇಳಬೇಕಾದೀತು, ಯಾಕೆ ಎಂದು ಅವರು ಕೇಳಿಯಾರು.

ಅತ್ತೆ ನಕ್ಕದ್ದು ಕೋತಿಗೆ. ನನ್ನ ಸೀರೆಯನ್ನು ಎಳೆದುಕೊಂಡು ಹೋಗಿ ಬೆಟ್ಟದ ಬಂಡೆಯ ಮೇಲೆ ಹರವಿ ಕುಳಿತಿತ್ತು, ನಿಮ್ಮ ಹಾಗೆ ಕಾವಲು. ನಿಮ್ಮ ಹಾಗೆ ಎಂದದ್ದಕ್ಕೇ ಅವರು ಅಷ್ಟು ನಕ್ಕದ್ದು. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.

ಅರ್ಜಿ ಕೊಡಲಿಲ್ಲ. ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ. ಇದು ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಎಂದುಕೊಂಡೇ ಎರಡು ವಾರ ಕಾದು ನೋಡಿದೆ, ಅದು ಇಳಿದ ಮೇಲೂ ಮನಸ್ಸು ಅಲ್ಲೇ ಇತ್ತು. ಮನಸ್ಸು ಎಲ್ಲಿದೆ ಎಂದು ಕೇಳಿದ್ದಿರಲ್ಲ, ಉತ್ತರ ಇದು. ನೀವು ಹೆದರಿದ ಹಾಗೆ ಅದು ಯಾರ ಬಳಿಯೂ ಇಲ್ಲ. ಮುಂದಿನ ಮಾರ್ಚಿಯಲ್ಲಿ ಮತ್ತೆ ಯೋಚಿಸುತ್ತೇನೆ.

ಬರುವ ಭಾನುವಾರ ನೀವು ಬನ್ನಿ. ಬಸ್ಸಿನಲ್ಲಿ. ಕುಣಿಗಲ್ಲಿನಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು, ಅಲ್ಲಿ ಕಾಯುವಾಗ ಕಡಲೆಕಾಯಿ ಕೊಂಡರೆ ನನಗೂ ಇರಲಿ. ಹುಲಿಯೂರುದುರ್ಗದಲ್ಲಿ ಇಳಿದು ಬೆಟ್ಟ ಎದುರಿಗೆ ಬರುವ ಹಾಗೆ ನಡೆದರೆ ನೀಲಿ ಗೇಟಿನ ಮಹಡಿ ಮನೆ. ಇಲ್ಲಿ ಮನೆಗಳಿಗೆ ನಂಬರು ಹಾಕಿಲ್ಲ. ಯಾರನ್ನಾದರೂ ಕೇಳಬೇಕಾಗುತ್ತದೆ.

ಅವರು, ನೀವು ಯಾರು ಎನ್ನುತ್ತಾರೆ. ಹೆಡ್ ಮೇಡಂ ಯಜಮಾನರು ಎಂದು ಹೇಳಿ. ಮನೆಯವರೆಗೂ ಕರೆತಂದು ಬಿಡುತ್ತಾರೆ.

ಪಲ್ಲವಿ